ರಸಭಂಗದ ರಾತ್ರಿ

1965ರ ಮಾರ್ಚ್ 7, ಭಾನುವಾರ. ಅಮೆರಿಕದ ಎಬಿಸಿ ವಾಹಿನಿ ಅಂದು ರಾತ್ರಿ ‘ಜಜ್‌ಮೆಂಟ್ ಅಟ್ ನ್ಯೂರಂಬರ್ಗ್’ ಚಿತ್ರವನ್ನು ಪ್ರಸಾರ ಮಾಡುತ್ತಿತ್ತು. ಹಿಟ್ಲರನ ಕಾಲದಲ್ಲಿ ಅನ್ಯಾಯದ ಕಾನೂನುಗಳಿಗೆ ಮೊಹರು ಒತ್ತಿದ ಜರ್ಮನ್ ನ್ಯಾಯಾಧೀಶರ ವಿಚಾರಣೆಯೇ ಅದರ ಕಥೆ. ಕಣ್ಣೆದುರು ಅನ್ಯಾಯ ನಡೆಯುವಾಗ ಗೊತ್ತಿದ್ದೂ ಸುಮ್ಮನಿದ್ದವರ ಹೊಣೆ ಎಷ್ಟು ಎಂದು ಆ ಚಿತ್ರ ಉದ್ದಕ್ಕೂ ಕೇಳುತ್ತದೆ. ಸುಮಾರು 4.8 ಕೋಟಿ ಜನ ನೋಡುತ್ತಿದ್ದರು. ಚಿತ್ರ ನಡುವೆಯೇ ನಿಂತಿತು. ಅಲಬಾಮಾ ರಾಜ್ಯದ ಸೆಲ್ಮಾ ಎಂಬ ಸಣ್ಣ ಊರಿನಲ್ಲಿ ಅದೇ ಮಧ್ಯಾಹ್ನ ಚಿತ್ರೀಕರಿಸಿ, ವಿಮಾನದಲ್ಲಿ ನ್ಯೂಯಾರ್ಕಿಗೆ ತರಿಸಿದ ಸುದ್ದಿಚಿತ್ರ ಸುಮಾರು ಹದಿನೈದು ನಿಮಿಷ ಪರದೆಯ ಮೇಲೆ ಓಡಿತು.

ಅದರಲ್ಲಿ ಕಂಡದ್ದು ಇಷ್ಟು. ಸುಮಾರು 600 ಕಪ್ಪು ಜನ ಇಬ್ಬಿಬ್ಬರ ಸಾಲಿನಲ್ಲಿ, ಸದ್ದಿಲ್ಲದೆ, ಅಲಬಾಮಾ ನದಿಯ ಮೇಲಿನ ಎಡ್ಮಂಡ್ ಪೆಟ್ಟಸ್ ಸೇತುವೆಯನ್ನು ದಾಟಿ ಬರುತ್ತಾರೆ. ಮುಂದಿನ ಸಾಲಿನಲ್ಲಿ ಹೋರಾಟದ ಮುಂದಾಳುಗಳಾದ 25 ವರ್ಷದ ಜಾನ್ ಲೂಯಿಸ್ ಮತ್ತು ಹೋಸಿಯಾ ವಿಲಿಯಮ್ಸ್. ಆಚೆ ದಡದಲ್ಲಿ ರಾಜ್ಯದ ಪೊಲೀಸರು, ಕೌಂಟಿಯ ಷೆರಿಫ್ ಜಿಮ್ ಕ್ಲಾರ್ಕನ ಕುದುರೆ ಸವಾರರು. ಚದುರಲು ಎರಡು ನಿಮಿಷದ ಗಡುವು ಕೊಡುತ್ತಾರೆ. ಅದು ಮುಗಿಯುವ ಮೊದಲೇ ಲಾಠಿ ಬೀಸಲು ತೊಡಗುತ್ತಾರೆ. ಅಶ್ರುವಾಯುವಿನ ಹೊಗೆಯೊಳಗೆ ಜನ ಬೀಳುತ್ತಾರೆ. ಲೂಯಿಸರ ತಲೆಬುರುಡೆ ಬಿರುಕು ಬಿಡುತ್ತದೆ. ಅಮೀಲಿಯಾ ಬಾಯ್ಂಟನ್ ಎಂಬ ಹಿರಿಯ ಹೋರಾಟಗಾರ್ತಿ ಪ್ರಜ್ಞೆ ತಪ್ಪಿ ನೆಲದ ಮೇಲೆ ಬಿದ್ದಿರುತ್ತಾರೆ. ಆ ಜನ ಕೇಳುತ್ತಿದ್ದುದು ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರು. ಸೆಲ್ಮಾ ಇರುವ ಡಲ್ಲಾಸ್ ಕೌಂಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ವರ್ಣದವರಾಗಿದ್ದರು. ಅವರಲ್ಲಿ ಮತದ ಹಕ್ಕು ದಕ್ಕಿದ್ದು ಶೇಕಡ 2ರ ಆಸುಪಾಸಿನವರಿಗೆ ಮಾತ್ರ.

ಮರುದಿನದಿಂದಲೇ ಜನ ಸೆಲ್ಮಾಕ್ಕೆ ಹೊರಟರು. ಪಾದ್ರಿಗಳು, ಸನ್ಯಾಸಿನಿಯರು, ಯೆಹೂದಿ ರಬ್ಬಿಗಳು, ಕಾಲೇಜು ವಿದ್ಯಾರ್ಥಿಗಳು, ಗೃಹಿಣಿಯರು. ಸ್ಯಾನ್ ಫ್ರಾನ್ಸಿಸ್ಕೊದ ಪತ್ರಕರ್ತ ಜಾರ್ಜ್ ಲೆನಾರ್ಡ್ ಟೆಲಿವಿಷನ್ನಿನಲ್ಲಿ ಆ ದೃಶ್ಯ ನೋಡಿ ನಡುರಾತ್ರಿಯ ವಿಮಾನ ಹತ್ತಿದ್ದನ್ನೂ, ತನ್ನಂತೆಯೇ ಹೊರಟುಬಂದ ಇತರರನ್ನು ಕಂಡದ್ದನ್ನೂ ‘ದಿ ನೇಷನ್’ ಪತ್ರಿಕೆಯಲ್ಲಿ ಬರೆದ. ಈ ಹೊರಡುವಿಕೆಯ ಹಿಂದೆ ಒಂದು ಹಳೆಯ ಪ್ರಶ್ನೆಯಿದೆ, ಅದು ಧರ್ಮದ್ದೂ ಹೌದು, ತತ್ತ್ವಶಾಸ್ತ್ರದ್ದೂ ಹೌದು: ನೋಡಿದ ಮಾತ್ರಕ್ಕೆ ಕರ್ತವ್ಯ ಹುಟ್ಟುತ್ತದೆಯೇ? ಕುರ್ಚಿಯಲ್ಲಿ ಕುಳಿತ ನೋಡುಗ ಯಾವ ಗಳಿಗೆಯಲ್ಲಿ, ಯಾವುದರ ಬಲದಿಂದ ನಾಗರಿಕನಾಗುತ್ತಾನೆ?

ಹುಟ್ಟುವುದಿಲ್ಲ ಎಂದವರ ಸಾಲು ದೊಡ್ಡದು, ಅವರ ಮಾತಿನ ತೂಕವೂ ದೊಡ್ಡದು.

ನಾಲ್ಕನೆಯ ಶತಮಾನದ ಸಂತ ಅಗಸ್ಟೀನ್ ಹರೆಯದಲ್ಲಿ ಓದಲೆಂದು ಕಾರ್ಥೇಜ್ ನಗರಕ್ಕೆ ಹೋಗಿ ಅಲ್ಲಿನ ನಾಟಕಗಳಿಗೆ ಮನಸೋತಿದ್ದ. ಮುಂದೆ ತನ್ನ ‘ಕನ್ಫೆಷನ್ಸ್’ನ ಮೂರನೆಯ ಭಾಗದಲ್ಲಿ ಆ ದಿನಗಳನ್ನು ನೆನೆದು ಗಂಭೀರವಾಗಿ ತನ್ನನ್ನೇ ವಿಚಾರಣೆಗೆ ಒಡ್ಡಿಕೊಂಡ. ರಂಗದ ಮೇಲಿನ ದುಃಖಕ್ಕೆ ಅಳುವವನನ್ನು ನೆರವಿಗೆಂದು ಯಾರೂ ಕರೆಯುವುದಿಲ್ಲ, ಅಳಲಿಕ್ಕೆ ಮಾತ್ರ ಕರೆಯುತ್ತಾರೆ. ಅತ್ತಷ್ಟೂ ಅವನಿಗೆ ಸುಖ. ಹಾಗಿದ್ದ ಮೇಲೆ ಅದು ಎಂಥ ಕರುಣೆ ಎಂಬುದು ಅವನ ಸಂಕಟ. 1758ರಲ್ಲಿ ರೂಸೋ ದಾಲಂಬೇರ್‌ಗೆ ಬರೆದ ಪತ್ರದಲ್ಲಿ ಇದನ್ನೇ ಇನ್ನೂ ಕಟುವಾಗಿ ವಾದಿಸಿದ. ನಾಟಕ ನೋಡಿ ಕಣ್ಣೀರು ಸುರಿಸಿದವನಿಗೆ ಮನುಷ್ಯತ್ವದ ಸಾಲ ತೀರಿಸಿದೆನೆಂಬ ತೃಪ್ತಿ ಸಿಗುತ್ತದೆ, ಕೈಯಿಂದ ಒಂದು ಕಾಸೂ ಬಿಚ್ಚಬೇಕಾಗಿ ಬರುವುದಿಲ್ಲ. ಇಪ್ಪತ್ತನೆಯ ಶತಮಾನಕ್ಕೆ ಬಂದರೆ, ಸಮಾಜಶಾಸ್ತ್ರಜ್ಞರಾದ ಪಾಲ್ ಲಝಾರ್ಸ್‌ಫೆಲ್ಡ್ ಮತ್ತು ರಾಬರ್ಟ್ ಮರ್ಟನ್ 1948ರ ಲೇಖನವೊಂದರಲ್ಲಿ ಸಮೂಹ ಮಾಧ್ಯಮಗಳಿಗೆ ಅಮಲೇರಿಸುವ ಗುಣವಿದೆ ಎಂದರು. ಸುದ್ದಿಯನ್ನೆಲ್ಲ ತಿಳಿದುಕೊಂಡವನು ತಿಳಿದುಕೊಂಡದ್ದನ್ನೇ ಮಾಡಿದ್ದೆಂದು ಭಾವಿಸುತ್ತಾನೆ, ಅವನ ಸಂಜೆ ಅಷ್ಟರಲ್ಲೇ ಮುಗಿದಿರುತ್ತದೆ. ರಾಬರ್ಟ್ ಪುಟ್ನಮ್ 2000ನೇ ಇಸವಿಯ ‘ಬೌಲಿಂಗ್ ಅಲೋನ್’ ಕೃತಿಯಲ್ಲಿ ಅಮೆರಿಕದ ಜನ ಸಂಘ ಸಂಸ್ಥೆ, ಸಭೆ ಸಮಿತಿಗಳಿಂದ ದೂರವಾದದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಟೆಲಿವಿಷನ್ನೂ ಒಂದು.

ಇವರೆಲ್ಲರಿಗಿಂತ ಆಳಕ್ಕಿಳಿದು ನೋಡುಗನ ಮನಸ್ಸನ್ನು ಬಿಡಿಸಿಟ್ಟವನು ಕಾಶ್ಮೀರದ ಅಭಿನವಗುಪ್ತ. ಸಾವಿರ ವರ್ಷಗಳ ಹಿಂದೆ ನಾಟ್ಯಶಾಸ್ತ್ರಕ್ಕೆ ಅವನು ಬರೆದ ವ್ಯಾಖ್ಯಾನದ ವಿಚಾರಗಳು ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಕನ್ನಡದ ಓದುಗರಿಗೂ ಹತ್ತಿರವಾಗಿವೆ. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆಯನ್ನು ಅವನು ಉದಾಹರಣೆಗೆ ತೆಗೆದುಕೊಳ್ಳುತ್ತಾನೆ. ಕಾಡಿನಲ್ಲಿ ನಿಜವಾದ ಭಯ ಎದುರಾದರೆ ಮನಸ್ಸು ಸುಮ್ಮನಿರದು. ಹೆದರಿರುವುದು ತಾನೋ ಮತ್ತೊಬ್ಬನೋ, ಅವನು ಗೆಳೆಯನೋ ಹಗೆಯೋ, ಓಡಬೇಕೋ ಅಡ್ಡ ಹೋಗಬೇಕೋ ಎಂಬ ಯೋಚನೆಗಳು ಒಂದರ ಬೆನ್ನಿಗೊಂದು ಏಳುತ್ತವೆ. ರಂಗಭೂಮಿಯಲ್ಲಿ ಕಾಣುವ ಭಯಕ್ಕೆ ಈ ಕಾಲ ಎಂದಿಲ್ಲ, ಆ ದೇಶ ಎಂದಿಲ್ಲ. ಅದು ಯಾರೊಬ್ಬರದೂ ಅಲ್ಲ, ಆದ್ದರಿಂದಲೇ ಎಲ್ಲರದೂ ಹೌದು. ಸಾಧಾರಣೀಕರಣ ಎಂದು ಶಾಸ್ತ್ರ ಹೇಳುವುದು ಇದನ್ನು. ಹೀಗೆ ಹೊಣೆಯ ಭಾರ ಇಳಿದಾಗಲೇ ಭಯ ಭಯಾನಕ ರಸವಾಗುತ್ತದೆ, ಶೋಕ ಕರುಣ ರಸವಾಗುತ್ತದೆ. ತನ್ನ ಸುಖದುಃಖಕ್ಕೆ ಅಂಟಿಕೊಳ್ಳುವುದು, ಕಂಡದ್ದನ್ನು ಒಂದು ಕಾಲಕ್ಕೆ, ಒಂದು ಊರಿಗೆ, ಒಬ್ಬ ವ್ಯಕ್ತಿಗೆ ಕಟ್ಟಿಹಾಕುವುದು ಅವನ ಪಟ್ಟಿಯಲ್ಲಿ ರಸಕ್ಕೆ ಬರುವ ವಿಘ್ನಗಳು. ಅಂಥ ಏಳು ವಿಘ್ನಗಳನ್ನು ಅವನು ಎಣಿಸುತ್ತಾನೆ.

ಅಗಸ್ಟೀನನಿಗೆ ದೋಷವಾಗಿ ಕಂಡದ್ದು ಅಭಿನವಗುಪ್ತನಿಗೆ ಕಲೆಯ ಸಿದ್ಧಿ. ಆದರೂ ಇಬ್ಬರೂ ಒಪ್ಪುವ ಒಂದು ಸಂಗತಿಯಿದೆ: ರಸದಲ್ಲಿ ಮುಳುಗಿದವನು ಎದ್ದು ಹೋಗಿ ಏನನ್ನೂ ಮಾಡುವುದಿಲ್ಲ.

ಆ ಮಾರ್ಚ್ ರಾತ್ರಿ ನಡೆದದ್ದರ ಅರ್ಥ ಹೊಳೆಯುವುದು ಇಲ್ಲಿ. ಜನರನ್ನು ಎಬ್ಬಿಸಿದ್ದು ಟೆಲಿವಿಷನ್ ಎಂದರೆ ಸತ್ಯದ ಅರ್ಧ ಭಾಗ ಮಾತ್ರ ಹೇಳಿದಂತೆ. ಅವರನ್ನು ಎಬ್ಬಿಸಿದ್ದು ರಸಭಂಗ. ಎರಡು ದಶಕಗಳ ಹಿಂದಿನ, ಸಾಗರದಾಚೆಯ ಅನ್ಯಾಯವನ್ನು ಅವರು ಕಥೆಯಾಗಿ ಅನುಭವಿಸುತ್ತಿದ್ದರು. ಖ್ಯಾತ ನಟರು ಆ ನೋವನ್ನು ಅಭಿನಯಿಸುತ್ತಿದ್ದರು. ಒಮ್ಮೆಲೇ ಕಥೆ ನಿಂತು ದೇಶ, ಕಾಲ, ಹೆಸರು ಮೂರೂ ವಾಪಸು ಬಂದವು. ಊರು ಸೆಲ್ಮಾ, ಹೊತ್ತು ಇವತ್ತಿನ ಮಧ್ಯಾಹ್ನ, ಲಾಠಿ ಬೀಸಿದವನು ತಮ್ಮದೇ ದೇಶದ ಪೊಲೀಸ್. ಅಭಿನವಗುಪ್ತ ವಿಘ್ನವೆಂದು ಕರೆದದ್ದೇ ಅಂದು ಕರ್ತವ್ಯದ ಬಾಗಿಲಾಯಿತು. ರಾಜಕೀಯ ಟೆಲಿವಿಷನ್ ತರುಣರಲ್ಲಿ ಪೌರಪ್ರಜ್ಞೆಯನ್ನು ಹೇಗೆ ಮೂಡಿಸುತ್ತದೆ ಎಂದು ಕೇಳುವವರು ಮೊದಲು ಕೇಳಬೇಕಾದದ್ದು, ಅದು ನೋಡುಗನನ್ನು ರಸದೊಳಗೆ ಇರಿಸುತ್ತಿದೆಯೇ, ಅದರಿಂದ ಹೊರಗೆ ಕರೆಯುತ್ತಿದೆಯೇ ಎಂದು.

ಹಾಗೆಂದು ರಸವನ್ನು ತಳ್ಳಿಹಾಕುವಂತಿಲ್ಲ. ಆ ರಾತ್ರಿ ಬೇರಾವುದೋ ಹಗುರ ಹಾಸ್ಯಚಿತ್ರ ಪ್ರಸಾರವಾಗುತ್ತಿದ್ದರೆ ಸೆಲ್ಮಾದ ದೃಶ್ಯ ಅಷ್ಟು ಆಳಕ್ಕೆ ಇಳಿಯುತ್ತಿತ್ತೇ ಎಂಬುದು ಅನುಮಾನ. ಸುಮ್ಮನಿದ್ದವರ ಹೊಣೆಯ ಪ್ರಶ್ನೆಯಿಂದ ಹದಗೊಂಡ ಮನಸ್ಸಿನ ಮೇಲೆ ಆ ಸುದ್ದಿ ಬಿದ್ದಿತ್ತು. ಟಿ.ಎನ್. ಸೀತಾರಾಮ್ ಅವರ ‘ಮನ್ವಂತರ’, ‘ಮುಕ್ತ’ದಂಥ ಧಾರಾವಾಹಿಗಳು ನ್ಯಾಯಾಲಯದ ವಾದವನ್ನೂ ಅಧಿಕಾರ ರಾಜಕಾರಣವನ್ನೂ ಕನ್ನಡದ ಮನೆಗಳ ನಡುಮನೆಗೆ ತಂದದ್ದನ್ನು ಇದೇ ಬೆಳಕಿನಲ್ಲಿ ನೋಡಬಹುದು. ಕಥೆ ಒಬ್ಬನನ್ನೂ ಪಂಚಾಯಿತಿ ಕಟ್ಟೆಗೆ ಕಳಿಸದಿರಬಹುದು. ಕಾನೂನು ತನಗೂ ಸಂಬಂಧಿಸಿದ್ದು, ಪಾಟೀಸವಾಲು ಎಂದರೆ ಏನು ಎಂಬ ಅರಿವನ್ನು ಅದು ಬಿತ್ತುತ್ತದೆ.

ಇಷ್ಟಾದರೂ ಲೆಕ್ಕ ಸರಿಹೋಗುವುದಿಲ್ಲ. ನೋಡಿದವರು ಕೋಟಿಗಟ್ಟಲೆ, ಹೊರಟವರು ಸಾವಿರಗಟ್ಟಲೆ. ಹಾಗಾದರೆ ಆ ಕೆಲವರಲ್ಲಿ ಬೇರೆ ಏನಿತ್ತು?

ಸೆಲ್ಮಾದ ಘಟನೆಯ ಮರುದಿನ ಮಾರ್ಟಿನ್ ಲೂಥರ್ ಕಿಂಗ್ ದೇಶದ ಧರ್ಮಗುರುಗಳಿಗೆ ತಂತಿ ಕಳಿಸಿ, ಮುಂದಿನ ಪಾದಯಾತ್ರೆಗೆ ಬರಬೇಕೆಂದು ಕೇಳಿಕೊಂಡರು. ಆ ಕರೆ ಟೆಲಿವಿಷನ್ನಿನಲ್ಲೂ ಬಂತು. ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿ ಎಪಿಸ್ಕೋಪಲ್ ಚರ್ಚಿನ ದೈವಶಾಸ್ತ್ರ ಶಾಲೆಯೊಂದಿತ್ತು. ಅಲ್ಲಿ ಪಾದ್ರಿಯಾಗಲು ಓದುತ್ತಿದ್ದ ಜೊನಾಥನ್ ಡೇನಿಯಲ್ಸ್‌ಗೆ ಆಗ 25 ವರ್ಷ. ಸೆಮಿಸ್ಟರಿನ ನಡುವೆ ಹೊರಡುವುದು ಆಗದ ಮಾತೆಂದು ಮೊದಲು ಅವನಿಗೆ ತೋರಿತ್ತು. ಅಂದು ಸಂಜೆಯ ಪ್ರಾರ್ಥನೆಯಲ್ಲಿ ‘ಮ್ಯಾಗ್ನಿಫಿಕಾಟ್’ ಎಂಬ ಮರಿಯಳ ಸ್ತುತಿಗೀತೆ ಹಾಡುತ್ತಿದ್ದಾಗ ಅವನ ನಿರ್ಧಾರ ಬದಲಾಯಿತು. ಬಲಶಾಲಿಗಳನ್ನು ಕೆಳಗಿಳಿಸುವ, ದೀನರನ್ನು ಮೇಲೆತ್ತುವ ದೇವರನ್ನು ಕೊಂಡಾಡುವ ಆ ಹಾಡನ್ನು ಅವನು ಎಷ್ಟೋ ಸಂಜೆ ಹಾಡಿದ್ದ. ಆ ಸಂಜೆ ಅದು ಒಂದು ಊರಿನ ಹೆಸರು ಹಿಡಿದು ಮಾತಾಡಿತು. ರಸಭಂಗ ಸಿನಿಮಾಕ್ಕಷ್ಟೇ ಅಲ್ಲ, ಪ್ರಾರ್ಥನೆಗೂ ಆಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ವಾರಾಂತ್ಯಕ್ಕೆಂದು ಹೋದ ಡೇನಿಯಲ್ಸ್ ಮತ್ತು ಸಹಪಾಠಿ ಜುಡಿತ್ ಉಪಮ್ ವಾಪಸು ಬರುವ ಬಸ್ಸು ತಪ್ಪಿಸಿಕೊಂಡರು. ಆಗ ಅವರಿಗೆ ಅನ್ನಿಸಿದ್ದು, ಎರಡು ದಿನ ಮುಖ ತೋರಿಸಿ ಹೊರಟುಹೋದರೆ ಸೆಲ್ಮಾದ ಜನ ತಮ್ಮನ್ನು ಏನೆಂದುಕೊಂಡಾರು ಎಂದು. ಶಾಲೆಯ ಒಪ್ಪಿಗೆ ಪಡೆದು ಅಲ್ಲೇ ಉಳಿದರು, ಕಪ್ಪು ಕುಟುಂಬದ ಮನೆಯಲ್ಲಿ ವಾಸ ಮಾಡಿದರು, ಊರಿನ ಬಿಳಿಯರ ಚರ್ಚಿಗೆ ಕಪ್ಪು ಮಕ್ಕಳನ್ನು ಕೈಹಿಡಿದು ಕರೆದೊಯ್ದರು. ಡೇನಿಯಲ್ಸ್ ಪರೀಕ್ಷೆ ಬರೆಯಲು ಹೋಗಿ ಬೇಸಗೆಯಲ್ಲಿ ಮತ್ತೆ ಬಂದ. ಆಗಸ್ಟ್ 14ರಂದು ಪ್ರತಿಭಟನೆಯೊಂದರಲ್ಲಿ ಬಂಧನವಾಯಿತು. ಆರು ದಿನಗಳ ನಂತರ ಹೇನ್‌ವಿಲ್ ಎಂಬ ಊರಿನಲ್ಲಿ ಬಿಡುಗಡೆಯಾದವರು ತಣ್ಣನೆಯ ಪಾನೀಯ ಕೊಳ್ಳಲು ಅಂಗಡಿಯೊಂದರತ್ತ ನಡೆದರು. ಬಾಗಿಲಲ್ಲಿ ಬಂದೂಕು ಹಿಡಿದು ನಿಂತವನು 17 ವರ್ಷದ ಕಪ್ಪು ಹುಡುಗಿ ರೂಬಿ ಸೇಲ್ಸ್‌ಗೆ ಗುರಿಯಿಟ್ಟ. ಡೇನಿಯಲ್ಸ್ ಅವಳನ್ನು ತಳ್ಳಿ ಗುಂಡಿಗೆ ತಾನೇ ಎದೆಯೊಡ್ಡಿದ. ಬಿಳಿಯರಷ್ಟೇ ಇದ್ದ ಜ್ಯೂರಿ ಕೊಂದವನನ್ನು ಬಿಡುಗಡೆ ಮಾಡಿತು.

ಈ ಸರಣಿಯಲ್ಲಿ ಟೆಲಿವಿಷನ್ನಿನ ಪಾಲು ಎಷ್ಟು? ಮೊದಲ ಕರೆಯಷ್ಟು. ಅಲ್ಲಿಂದಾಚೆಗೆ ಅವನನ್ನು ಹಿಡಿದು ನಡೆಸಿದ್ದು ಪ್ರಾರ್ಥನೆಯ ಶಿಸ್ತು, ಜೊತೆಗೆ ಹೊರಟ ಗೆಳೆಯರು, ಅನುಮತಿ ಕೊಟ್ಟ ಶಾಲೆ, ಮನೆಯೊಳಗೆ ಜಾಗ ಕೊಟ್ಟ ಕುಟುಂಬ. ಡೆಟ್ರಾಯಿಟ್‌ನ ವಯೋಲಾ ಲಿಯುಝೊ ವಿಚಾರದಲ್ಲೂ ಹಾಗೆಯೇ. ಐದು ಮಕ್ಕಳ ತಾಯಿ, 39 ವರ್ಷ, ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮತ್ತೆ ಓದಲು ಸೇರಿದ್ದ ಹೆಂಗಸು. ಟೆಲಿವಿಷನ್ನಿನಲ್ಲಿ ಸೇತುವೆಯ ದೃಶ್ಯ ನೋಡಿದ್ದಳು. ಆದರೆ ಮರುದಿನವೇ ಹೊರಡಲಿಲ್ಲ. ಮೊದಲು ತನ್ನ ವಿಶ್ವವಿದ್ಯಾಲಯದ ಪ್ರತಿಭಟನೆಗೆ ಹೋದಳು, ಅಲ್ಲಿಂದ ಕಾರು ಓಡಿಸಿಕೊಂಡು ಸೆಲ್ಮಾ ತಲುಪಿದಳು, ಪಾದಯಾತ್ರಿಗಳನ್ನು ಕಾರಿನಲ್ಲಿ ಕರೆತರುವ ಕೆಲಸ ವಹಿಸಿಕೊಂಡಳು. ಮಾರ್ಚ್ 25ರ ರಾತ್ರಿ ಬಿಳಿಯರ ಜನಾಂಗದ್ವೇಷಿ ಸಂಘಟನೆ ಕು ಕ್ಲಕ್ಸ್ ಕ್ಲಾನಿನವರು ಬೆನ್ನಟ್ಟಿ ಬಂದು ಅವಳನ್ನು ಗುಂಡಿಟ್ಟು ಕೊಂದರು.

ಎಲ್ಲರೂ ಸೆಲ್ಮಾಕ್ಕೇ ಹೋಗಬೇಕಿತ್ತು ಎಂದಲ್ಲ. ಮಾರ್ಚ್ 9ರಂದು ಡೆಟ್ರಾಯಿಟ್‌ನಲ್ಲಿ ರಾಜ್ಯದ ಗವರ್ನರ್ ಮತ್ತು ನಗರದ ಮೇಯರ್ ಮುಂದಾಳತ್ವದಲ್ಲಿ ಸುಮಾರು 10,000 ಜನ ಮೆರವಣಿಗೆ ನಡೆಸಿದರು. ಅದೇ ವಾರ ಒಂದು ಡಜನ್ ತರುಣ ತರುಣಿಯರು ಪ್ರವಾಸಿಗರ ಸಾಲಿನಲ್ಲಿ ಶ್ವೇತಭವನ ಪ್ರವೇಶಿಸಿ ಅಲ್ಲೇ ನೆಲದ ಮೇಲೆ ಧರಣಿ ಕೂತರು. ಯೆಹೂದಿ ತತ್ತ್ವಜ್ಞಾನಿ ಅಬ್ರಹಾಂ ಜೋಶುವಾ ಹೆಶೆಲ್ ಅವರಾದರೋ ಸೆಲ್ಮಾಕ್ಕೇ ಹೋದರು, ಕೊನೆಯ ಪಾದಯಾತ್ರೆಯ ಮೊದಲ ಸಾಲಿನಲ್ಲಿ ಕಿಂಗ್ ಜೊತೆ ನಡೆದರು. ತನ್ನ ಕಾಲುಗಳೇ ಪ್ರಾರ್ಥಿಸುತ್ತಿದ್ದಂತೆ ಅನ್ನಿಸಿತೆಂದು ಅವರು ಮುಂದೆ ಹೇಳಿಕೊಂಡರು. ಧ್ಯಾನಕ್ಕೂ ನಡಿಗೆಗೂ ನಡುವೆ ಗೋಡೆ ಕಟ್ಟಿಕೊಂಡ ಯಾವ ಧರ್ಮದವರಾದರೂ ತುಸು ಹೊತ್ತು ನಿಂತು ಯೋಚಿಸಬೇಕಾದ ಮಾತದು.

ಇನ್ನೊಂದು ಬದಿಯನ್ನೂ ನೋಡಬೇಕು: ಕಂಡವರ ಕರ್ತವ್ಯದ ಜೊತೆ ಕಾಣಿಸಿಕೊಂಡವರ ತಪಸ್ಸು. ಸೆಲ್ಮಾದ ಆ ಹದಿನೈದು ನಿಮಿಷಗಳ ಹಿಂದೆ ವರ್ಷಗಳ ದುಡಿಮೆಯಿತ್ತು. ವಿದ್ಯಾರ್ಥಿಗಳ ಸಂಘಟನೆಯಾದ ‘ಸ್ನಿಕ್’ನ ಬರ್ನಾರ್ಡ್ ಲಫಾಯೆಟ್ 1963ರ ಆರಂಭದಲ್ಲೇ ಅಲ್ಲಿಗೆ ಬಂದು ಮನೆ ಮನೆ ಅಲೆದಿದ್ದರು. ಅದಕ್ಕೂ ಮೊದಲಿನಿಂದ ಬಾಯ್ಂಟನ್ ದಂಪತಿ ಊರಿನ ಮತದಾರರ ಸಂಘವನ್ನು ಕಟ್ಟಿಕೊಂಡು ಬಂದಿದ್ದರು. ಬ್ರೌನ್ ಚಾಪೆಲ್ ಚರ್ಚಿನಲ್ಲಿ ರಾತ್ರಿ ಸಭೆಗಳು ನಡೆಯುತ್ತಿದ್ದವು. 14 ವರ್ಷದ ಲಿಂಡಾ ಬ್ಲ್ಯಾಕ್‌ಮನ್ ಸೇತುವೆಯ ಮೇಲೆ ಪೆಟ್ಟು ತಿಂದವಳು, ಎರಡು ವಾರದ ನಂತರ ರಾಜ್ಯದ ರಾಜಧಾನಿ ಮಾಂಟ್‌ಗಮರಿಯವರೆಗಿನ 54 ಮೈಲಿ ಪಾದಯಾತ್ರೆಯಲ್ಲೂ ನಡೆದಳು. ಅವಳಿಗೆ 15 ತುಂಬಿದ್ದು ದಾರಿಯಲ್ಲೇ. ಇವರು ಟೆಲಿವಿಷನ್ ನೋಡಿ ನಾಗರಿಕರಾದವರಲ್ಲ. ಇವರನ್ನು ನೋಡಿ ಬೇರೆಯವರು ನಾಗರಿಕರಾದರು.

ಕ್ಯಾಮೆರಾ ಇದೆಯೆಂದು ತಿಳಿದೇ ಪೆಟ್ಟಿಗೆ ಮೈಯೊಡ್ಡುವುದು ಸರಿಯೇ? ಈ ಪ್ರಶ್ನೆ ಸುಲಭದ್ದಲ್ಲ. 1963ರ ಮೇ ತಿಂಗಳಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಶಾಲಾ ಮಕ್ಕಳು ಸಾವಿರದ ಲೆಕ್ಕದಲ್ಲಿ ಬೀದಿಗಿಳಿದಾಗ ಪೊಲೀಸರು ನಾಯಿ ಛೂಬಿಟ್ಟರು, ಅಗ್ನಿಶಾಮಕದ ನೀರಿನ ಕೊಳವೆ ತಿರುಗಿಸಿದರು. ಇಡೀ ದೇಶ ಅದನ್ನು ನೋಡಿ ಬೆಚ್ಚಿತು. ಅಧ್ಯಕ್ಷ ಕೆನಡಿ ಜೂನ್ 11ರಂದು ಟೆಲಿವಿಷನ್ನಿನಲ್ಲಿ ನಾಗರಿಕ ಹಕ್ಕುಗಳ ಕಾನೂನಿನ ಮಾತೆತ್ತಿದರು. ಆದರೂ ಮಕ್ಕಳನ್ನು ಹೋರಾಟದ ಮುಂದಿನ ಸಾಲಿಗೆ ತಂದದ್ದನ್ನು ಕಪ್ಪು ಜನರ ಮತ್ತೊಬ್ಬ ನಾಯಕ ಮಾಲ್ಕಂ ಎಕ್ಸ್ ಖಂಡಿಸಿದ್ದರು. ಆ ಖಂಡನೆಯಲ್ಲಿ ಸತ್ಯವಿದೆ, ಅದನ್ನು ಯಶಸ್ಸಿನ ನೆಪದಲ್ಲಿ ಬದಿಗೆ ಸರಿಸಲಾಗದು. ಅದರ ಎದುರಿಗೆ ಇಡಬಹುದಾದ ಉತ್ತರ ಒಂದೇ: ಆ ಹಿಂಸೆಯನ್ನು ಮಕ್ಕಳು ಹುಟ್ಟಿಸಲಿಲ್ಲ. ದಿನನಿತ್ಯ ಕತ್ತಲಲ್ಲಿ ನಡೆಯುತ್ತಿದ್ದದ್ದನ್ನು ಬೆಳಕಿಗೆ ಎಳೆದು ತಂದರು.

ಈ ದಾರಿ ಟೆಲಿವಿಷನ್ನಿಗಿಂತ ಹಳೆಯದು, ಅದರ ಒಂದು ಕೊನೆ ಭಾರತದಲ್ಲಿದೆ. 1930ರ ಮೇ 21ರಂದು ಗುಜರಾತಿನ ಧರಾಸಣಾ ಉಪ್ಪಿನ ಕಾರ್ಖಾನೆಯ ಎದುರು ಸತ್ಯಾಗ್ರಹಿಗಳು ಸಾಲುಸಾಲಾಗಿ ಮುಂದೆ ಹೋಗಿ, ಕೈಯನ್ನೂ ಎತ್ತದೆ ಲಾಠಿಯ ಪೆಟ್ಟಿಗೆ ಕೆಳಗುರುಳಿದರು. ಸರೋಜಿನಿ ನಾಯ್ಡು ಅವರ ಮುಂದಾಳು. ಅಲ್ಲಿದ್ದ ಅಮೆರಿಕದ ವರದಿಗಾರ ವೆಬ್ ಮಿಲ್ಲರ್ ಕಂಡದ್ದನ್ನು ಕಂಡಂತೆ ಬರೆದ, ಜಗತ್ತಿನ ಸಾವಿರಕ್ಕೂ ಹೆಚ್ಚು ಪತ್ರಿಕೆಗಳು ಅದನ್ನು ಅಚ್ಚು ಹಾಕಿದವು. ಮೂವತ್ತು ವರ್ಷಗಳ ಬಳಿಕ, 1960ರ ಫೆಬ್ರುವರಿ 1ರಂದು, ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೊ ಊರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗಷ್ಟೇ ಮೀಸಲಾದ ಊಟದ ಕೌಂಟರಿನಲ್ಲಿ ಕುಳಿತು ಕಾಫಿ ಕೇಳಿದರು, ಕೊಡದಿದ್ದರೂ ಏಳಲಿಲ್ಲ. ನಾಲ್ವರಲ್ಲಿ ಒಬ್ಬನಾದ ಎಝೆಲ್ ಬ್ಲೇರ್ ಟೆಲಿವಿಷನ್ನಿನಲ್ಲಿ ಗಾಂಧಿಯವರನ್ನು ಕುರಿತ ಕಾರ್ಯಕ್ರಮವೊಂದನ್ನು ನೋಡಿ ಪ್ರಭಾವಿತನಾಗಿದ್ದ. ಆ ಧರಣಿಯ ಸುದ್ದಿ ಪತ್ರಿಕೆ, ಟೆಲಿವಿಷನ್‌ಗಳ ಮೂಲಕ ಹರಡಿ, ಎರಡು ತಿಂಗಳೊಳಗೆ ಹತ್ತಾರು ಊರುಗಳ ವಿದ್ಯಾರ್ಥಿಗಳು ಅಂಥವೇ ಕೌಂಟರುಗಳಲ್ಲಿ ಕುಳಿತರು. ಲೂಯಿಸರ ‘ಸ್ನಿಕ್’ ಸಂಘಟನೆ ಹುಟ್ಟಿದ್ದೇ ಆ ಅಲೆಯಿಂದ.

ಇಂದಿನ ಕನ್ನಡ ವಾಹಿನಿಗಳ ಮುಂದೆ ಕೂತ ಹದಿನೆಂಟರ ಹುಡುಗ ಹುಡುಗಿಗೆ ಸಿಗುತ್ತಿರುವುದೇನು? ರಾತ್ರಿಯ ಚರ್ಚಾಗೋಷ್ಠಿಗಳಲ್ಲಿ ಹಲವು ರೌದ್ರ ರಸವನ್ನು ಉಣಬಡಿಸುತ್ತವೆ. ಪರದೆ ತುಂಬ ಆರೇಳು ಮುಖಗಳು, ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ನೋಡುವವನಿಗೂ ಸಿಟ್ಟು ಬರುತ್ತದೆ, ಬಂದ ಸಿಟ್ಟಿನಲ್ಲಿ ಒಂದು ಬಗೆಯ ಸುಖವೂ ಇರುತ್ತದೆ, ಗೋಷ್ಠಿ ಮುಗಿದಾಗ ಸಿಟ್ಟೂ ಮುಗಿಯುತ್ತದೆ. ವಿಷಯ ಯಾವ ಊರಿನದು, ಯಾವ ಕಚೇರಿಯದು, ಯಾರು ಸಹಿ ಹಾಕಬೇಕಾದ ಕಡತ ಎಂಬುದು ಗದ್ದಲದಲ್ಲಿ ಕರಗಿಹೋಗುತ್ತದೆ. ಅಭಿನವಗುಪ್ತ ಹೇಳಿದ ಸಾಧಾರಣೀಕರಣ ಕಲೆಯಲ್ಲಿ ಮನಸ್ಸನ್ನು ಹಿಗ್ಗಿಸುತ್ತದೆ. ಸುದ್ದಿಯಲ್ಲಿ ಅದೇ ಪ್ರಕ್ರಿಯೆ ನಡೆದಾಗ ಪ್ರಜೆಯ ಕೈಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಇದು ಟೆಲಿವಿಷನ್ ಮಾಡುವ ದೊಡ್ಡ ಹಾನಿ. ತಪ್ಪು ಮಾಹಿತಿಯ ಹಾನಿಗಿಂತ ಇದು ಕಡಿಮೆಯದೇನಲ್ಲ.

2011ರ ಆಗಸ್ಟ್ ಇಲ್ಲಿ ನೆನಪಾಗಬೇಕು. ದೆಹಲಿಯ ರಾಮಲೀಲಾ ಮೈದಾನದಲ್ಲಿ, ಭ್ರಷ್ಟಾಚಾರ ತಡೆಗೆ ಲೋಕಪಾಲ್ ಕಾಯ್ದೆ ಬೇಕೆಂದು ಅಣ್ಣಾ ಹಜಾರೆ ಉಪವಾಸ ಕೂತಾಗ ಸುದ್ದಿವಾಹಿನಿಗಳು ಹಗಲಿರುಳು ಅದನ್ನೇ ತೋರಿಸಿದವು. ಬೆಂಗಳೂರಿನ ಫ್ರೀಡಂ ಪಾರ್ಕ್ ಕಾಲೇಜು ಹುಡುಗರಿಂದ, ಐಟಿ ಉದ್ಯೋಗಿಗಳಿಂದ ತುಂಬಿತು. ಅವರಲ್ಲಿ ಎಷ್ಟೋ ಮಂದಿ ಧರಣಿಯೊಂದಕ್ಕೆ ಬಂದದ್ದು ಅದೇ ಮೊದಲು, ಆ ಉತ್ಸಾಹ ಹುಸಿಯಾಗಿರಲಿಲ್ಲ. ಲೋಕಪಾಲ್ ಕಾಯ್ದೆಗೆ ಸಂಸತ್ತು 2013ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಮೊದಲ ಲೋಕಪಾಲರ ನೇಮಕವಾದದ್ದು 2019ರ ಮಾರ್ಚಿನಲ್ಲಿ. ನಡುವಿನ ಐದು ವರ್ಷ ಕ್ಯಾಮೆರಾಗಳೂ ಇರಲಿಲ್ಲ, ಮೈದಾನ ತುಂಬಿದ್ದ ಜನರೂ ಇರಲಿಲ್ಲ.

ಅದೇ ಅವಧಿಯಲ್ಲಿ ಕರ್ನಾಟಕದಲ್ಲಿ ನಡೆದದ್ದು ಬೇರೆ ಬಗೆಯ ಪಾಠ. 1984ರ ಕಾಯ್ದೆಯಿಂದ ಬಂದ ನಮ್ಮ ಲೋಕಾಯುಕ್ತದ ಭ್ರಷ್ಟಾಚಾರ ತನಿಖೆಯ ಅಧಿಕಾರವನ್ನು 2016ರಲ್ಲಿ ಸರ್ಕಾರ ಹೊಸದಾಗಿ ರಚಿಸಿದ ಭ್ರಷ್ಟಾಚಾರ ನಿಗ್ರಹ ದಳಕ್ಕೆ ವರ್ಗಾಯಿಸಿತು. ಬೆಂಗಳೂರಿನ ವಕೀಲರ ಸಂಘ, ಸಮಾಜ ಪರಿವರ್ತನ ಸಮುದಾಯ ಮೊದಲಾದವರು ಹೈಕೋರ್ಟಿಗೆ ಹೋದರು. ವರ್ಷಗಟ್ಟಲೆ ದಿನಾಂಕಗಳು ಬಂದವು, ಹೋದವು. 2022ರ ಆಗಸ್ಟಿನಲ್ಲಿ ಹೈಕೋರ್ಟ್ ಆ ದಳವನ್ನೇ ರದ್ದುಪಡಿಸಿ ಲೋಕಾಯುಕ್ತಕ್ಕೆ ಅಧಿಕಾರ ಮರಳಿಸಿತು. ಮೈದಾನದ ಘೋಷಣೆಗಳ ಹಾಗೆ ಅರ್ಜಿ, ಆಕ್ಷೇಪಣೆ, ಪ್ರಮಾಣಪತ್ರಗಳು ಪರದೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲ. ಕರ್ನಾಟಕ ಹೈಕೋರ್ಟಿನ ಕಲಾಪಗಳು ಈಗ ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗುತ್ತವೆ, ವಿಧಾನಮಂಡಲದ ಕಲಾಪವನ್ನೂ ನೋಡಬಹುದು. ಗದ್ದಲದ ಗೋಷ್ಠಿಗಿಂತ ಇವು ನೀರಸ ಎನ್ನಿಸಬಹುದು. ರಸವಿಲ್ಲದ ಆ ನೋಟದಲ್ಲಿ ಊರು, ಇಲಾಖೆ, ದಿನಾಂಕ, ಹೊಣೆಗಾರನ ಹೆಸರು ಎಲ್ಲವೂ ಸ್ಪಷ್ಟವಾಗಿರುತ್ತವೆ.

ಸೆಲ್ಮಾದಲ್ಲೂ ಕಡೆಗೆ ಗೆದ್ದದ್ದು ಅಂಥ ನೀರಸ ಕೆಲಸವೇ. 1965ರ ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯ್ದೆಗೆ ಸಹಿ ಬಿತ್ತು. ಕೇಂದ್ರದ ನೋಂದಣಿ ಅಧಿಕಾರಿಗಳು ಕೆಲವೇ ದಿನಗಳಲ್ಲಿ ಸೆಲ್ಮಾಕ್ಕೆ ಬಂದರು, ಜನ ಬಿಸಿಲಿನಲ್ಲಿ ಸಾಲು ನಿಂತು ಹೆಸರು ಬರೆಸಿದರು. ದಕ್ಷಿಣದ ರಾಜ್ಯಗಳಲ್ಲಿ ಆ ವರ್ಷ ಮುಗಿಯುವುದರೊಳಗೆ ಸುಮಾರು ಎರಡೂವರೆ ಲಕ್ಷ ಕಪ್ಪು ಮತದಾರರು ಹೊಸದಾಗಿ ಸೇರಿದರು. 1966ರ ಪ್ರಾಥಮಿಕ ಚುನಾವಣೆಯಲ್ಲಿ ಷೆರಿಫ್ ಕ್ಲಾರ್ಕ್ ಸೋಲುವ ಹಂತಕ್ಕೆ ಬಂದಾಗ, ಕಪ್ಪು ಮತದಾರರು ಹೆಚ್ಚಿದ್ದ ಕಡೆಯ ಆರು ಮತಪೆಟ್ಟಿಗೆಗಳನ್ನು ಎಣಿಕೆಯಿಂದ ಹೊರಗಿಡುವ ಪ್ರಯತ್ನ ನಡೆಯಿತು. ನ್ಯಾಯಾಲಯ ಅವನ್ನೂ ಎಣಿಸುವಂತೆ ಆದೇಶಿಸಿತು. ಕ್ಲಾರ್ಕ್ ಅಧಿಕಾರ ಕಳೆದುಕೊಂಡ.

ಡೇನಿಯಲ್ಸ್ ಉಳಿಸಿದ ರೂಬಿ ಸೇಲ್ಸ್ ಆ ಸಾವಿನ ಆಘಾತದಿಂದ ತಿಂಗಳುಗಟ್ಟಲೆ ಬಹುಮಟ್ಟಿಗೆ ಮಾತು ಕಳೆದುಕೊಂಡಿದ್ದಳು. ಕೊಲೆ ಬೆದರಿಕೆಗಳಿದ್ದರೂ ನ್ಯಾಯಾಲಯಕ್ಕೆ ಹೋಗಿ ಸಾಕ್ಷಿ ನುಡಿದಳು. ಮುಂದೆ ಅವನು ಓದಿದ ದೈವಶಾಸ್ತ್ರ ಶಾಲೆಯಲ್ಲೇ ಓದಿದಳು, ಅವನ ನೆನಪಿಗೆ ‘ಸ್ಪಿರಿಟ್‌ಹೌಸ್’ ಎಂಬ ಸಂಸ್ಥೆ ಕಟ್ಟಿದಳು. ನೋಡಿದವನಿಗೂ ನುಡಿದವಳಿಗೂ ಧರ್ಮ ಒಂದೇ ಪಾಠ ಕಲಿಸಿತ್ತು: ಸಾಕ್ಷಿಯಾಗುವುದು ಕಣ್ಣಿನ ಕೆಲಸವಷ್ಟೇ ಅಲ್ಲ, ಮೈಯನ್ನೂ ಅದರ ಜೊತೆಗೆ ಕೊಂಡೊಯ್ಯಬೇಕು.

ಕರ್ನಾಟಕದ ತರುಣನಿಗೆ ಹೋಗಲು ಜಾಗವಿಲ್ಲ ಎನ್ನುವಂತಿಲ್ಲ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. 61ನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದು ಮೂರು ದಶಕ ಕಳೆದಿವೆ. ಹದಿನೆಂಟು ತುಂಬದವರಿ​ಗೂ ಇಲ್ಲಿ ಮಕ್ಕಳ ಗ್ರಾಮಸಭೆಯಿದೆ. ಶಾಲೆಗೆ ಕಾಂಪೌಂಡ್ ಇಲ್ಲ, ಶೌಚಾಲಯಕ್ಕೆ ನೀರಿಲ್ಲ, ಬೆಳಗಿನ ಬಸ್ಸು ನಿಲ್ಲಿಸುವುದಿಲ್ಲ ಎಂದು ಮಕ್ಕಳು ಎದ್ದು ನಿಂತು ಕೇಳುತ್ತಾರೆ, ಪಂಚಾಯಿತಿ ಅಧ್ಯಕ್ಷರು ಎಲ್ಲರೆದುರು ಉತ್ತರಿಸಬೇಕಾಗುತ್ತದೆ. ವಾಹಿನಿಗಳಿಗೆ ಮನಸ್ಸಿದ್ದರೆ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಕೆರೆ ಒತ್ತುವರಿಯ ಬಗ್ಗೆ ಒಂದು ಗಂಟೆ ಚರ್ಚೆ ನಡೆದ ಮೇಲೆ, ಆ ಕೆರೆ ಯಾವ ಇಲಾಖೆಯ ಸುಪರ್ದಿಯಲ್ಲಿದೆ, ದೂರು ಯಾರಿಗೆ ಕೊಡಬೇಕು, ಆಕ್ಷೇಪಣೆಗೆ ಕೊನೆಯ ದಿನ ಯಾವುದು, ಆ ಊರಿನ ಮುಂದಿನ ಗ್ರಾಮಸಭೆ ಎಂದು ಎಂಬುದನ್ನು ಹೇಳಲು ಅರ್ಧ ನಿಮಿಷ ಸಾಕು.